ಆಂಜಿನಮ್ಮನ ಗುಂಡಿ

ರೇಷ್ಮೆಹುಳು ಹಣ್ಣಾದರೆ ಕಾಯುವುದಿಲ್ಲ. ಮೈ ಹಳದಿಯಾಗಿ ತಲೆ ಎತ್ತಿದ ಹುಳುವನ್ನು ಆ ಹೊತ್ತಿಗೇ ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಂಕಿಗೆ ಬಿಡಬೇಕು. ತಡವಾದರೆ ತಟ್ಟೆಯಲ್ಲೇ ನೂಲು ಬಿಟ್ಟು ಹಾಳಾಗುತ್ತದೆ. ಕೆಂಚಾರ್ಲಹಳ್ಳಿಯ ನಮ್ಮ ಮನೆಯಲ್ಲಿ ಅಂಥ ದಿನ ಒಲೆ ಹಚ್ಚುವುದಕ್ಕೂ ಪುರುಸೊತ್ತಿರುತ್ತಿರಲಿಲ್ಲ.

ಐವತ್ತೆಂಟನೆಯ ಇಸವಿಯಲ್ಲಿ ಅಂಥದೇ ಒಂದು ದಿನ ನನ್ನ ಓರಗಿತ್ತಿ ಆಂಜಿನಮ್ಮನ ಮಗಳು ರತ್ನ, ಆರು ವರ್ಷದವಳು, ಮೈ ಸುಡುತ್ತಿದೆ ಎಂದು ಹುಳುಮನೆಯ ಬಾಗಿಲಲ್ಲಿ ನಿಂತಳು.

"ಹೋಗಿ ಮಲಕ್ಕೊಳಮ್ಮ, ಸಾಯಂಕಾಲ ಬರ್ತೀನಿ" ಎಂದಳು ಆಂಜಿನಮ್ಮ.

ನಾವೆಲ್ಲ ಅಲ್ಲೇ ಇದ್ದೆವು. ಯಾರೂ ತಲೆ ಎತ್ತಲಿಲ್ಲ. ಸಾಯಂಕಾಲಕ್ಕೆ ಮಗುವಿನ ಮಾತು ನಿಂತಿತ್ತು, ಮಾರನೆಯ ದಿನ ತೀರಿಕೊಂಡಿತು. ಆ ಸಲ ಗೂಡು ಚೆನ್ನಾಗಿ ಬಂತು.

ಆಂಜಿನಮ್ಮ ಅಳಲಿಲ್ಲ. ಸೂತಕ ಕಳೆದ ಮೇಲೂ ಅತ್ತೆ ಅವಳನ್ನು ಹುಳುಮನೆಗೆ ಸೇರಿಸಲಿಲ್ಲ. ಮಗು ಕಳೆದುಕೊಂಡವಳ ಕೈ ಹುಳುವಿಗೆ ಆಗದಂತೆ, ವರ್ಷ ತುಂಬಬೇಕಂತೆ. ನನಗೆ ಮೈಯೆಲ್ಲ ಉರಿಯಿತು. ಆದರೂ ತಟ್ಟೆ ಹಿಡಿದು ಒಳಗೆ ಹೋದೆ, ಹೇಡಿ ನಾನು. ಅವಳು ಹಿತ್ತಿಲಿಗೆ ಹೋದಳು.

ಹಿತ್ತಿಲ ಹೊಂಗೆಮರದಡಿ, ಗ್ರಾಮಸೇವಕರು ಹೇಳಿ ತೆಗೆಸಿದ್ದ ಗೊಬ್ಬರದ ಗುಂಡಿಯಿತ್ತು. ನಾವು ಅದರಲ್ಲಿ ಕಸ ಎಸೆದು ಮರೆಯುತ್ತಿದ್ದೆವು. ಆಂಜಿನಮ್ಮ ಹುಳು ತಿಂದುಳಿಸಿದ ಹಿಪ್ಪುನೇರಳೆ ಕಡ್ಡಿ ಮುರಿದು ಹಾಸಿದಳು, ಮೇಲೆ ಹುಳುವಿನ ಹಿಕ್ಕೆ, ಆರಿದ ಸೆಗಣಿ ಹಾಕಿದಳು. ಬಾವಿಯ ಪಕ್ಕದ ಹಸಿಮಣ್ಣಿನಿಂದ ಎರೆಹುಳು ಹೆಕ್ಕಿ ತಂದು ಬಿಟ್ಟು, ಒದ್ದೆ ಗೋಣಿ ಹೊದಿಸಿದಳು. ದಿನಾ ನೀರು ಚಿಮುಕಿಸುವಳು, ಕೋಳಿ ಬಂದರೆ ಓಡಿಸುವಳು. ಗೊಬ್ಬರ ಟೀಪುಡಿಯಂತೆ ಕಪ್ಪಗೆ ಉದುರಾದಾಗ ಒಂದು ಮೂಲೆಗೆ ಬೇರೆ ಸೆಗಣಿ ಇಡುವಳು. ನಾಲ್ಕು ದಿನದಲ್ಲಿ ಎರೆಹುಳುಗಳು ತಾವೇ ಅತ್ತ ಸರಿಯುತ್ತಿದ್ದವು. ಉಳಿದದ್ದನ್ನು ಜರಡಿ ಹಿಡಿದು ಕೊಟ್ಟರೆ ಅವಳ ಗಂಡ, ನಮ್ಮ ಭಾವ ಗಂಗುಲಪ್ಪನವರು ಹಿಪ್ಪುನೇರಳೆ ತೋಟಕ್ಕೆ ಹಾಕುತ್ತಿದ್ದರು. ಸೊಪ್ಪು ಅಗಲವಾಗಿ ಬಂದಾಗ ಅತ್ತೆ ಹೊಗಳಿದ್ದು ಮಳೆಯನ್ನು.

"ಏನಕ್ಕ, ಅದರ ಮುಂದೆ ಅಷ್ಟೊತ್ತು ಕೂತಿರ್ತೀಯ?" ಎಂದು ಒಮ್ಮೆ ಕೇಳಿದೆ.

"ಏನಿಲ್ಲ ಕಣೇ. ಇವು ಅವಸರ ಮಾಡಲ್ಲ. ಎರಡು ದಿನ ಬಿಟ್ಟೋದ್ರೂ ಇರ್ತವೆ."

ಅವಳ ಮುಖದಲ್ಲಿ ದುಃಖವೂ ಇರಲಿಲ್ಲ. ಇವಳು ಹೀಗೇ ಉಳಿದುಬಿಟ್ಟರೆ ಎಂದು ನನಗೆ ಭಯವಾಗುತ್ತಿತ್ತು.

ವರ್ಷ ತುಂಬಲು ಎರಡು ತಿಂಗಳಿತ್ತು. ಮತ್ತೆ ಹುಳು ಹಣ್ಣಾಗಿತ್ತು. ನನ್ನ ಮಗಳು ನಾಗು ಬಾಗಿಲಿಗೆ ಬಂದು "ಅಮ್ಮಾ, ಚಳಿ" ಎಂದಳು. ನನ್ನ ಅಂಗೈ ತುಂಬ ಹುಳು.

"ಇನ್ನೊಂದೇ ತಟ್ಟೆ ಕಣಮ್ಮ, ಆಮೇಲೆ ಬರ್ತೀನಿ" ಅಂದುಬಿಟ್ಟೆ. ರತ್ನನನ್ನು ಕಣ್ಣಾರೆ ಕಂಡವಳ ಬಾಯಿಂದ ಬಂದ ಮಾತು ಅದು.

ಹಿತ್ತಿಲಲ್ಲಿದ್ದ ಆಂಜಿನಮ್ಮನಿಗೆ ಅದು ಕೇಳಿಸಿತು. ಜರಡಿ ಬಿಟ್ಟು, ಮೊಣಕೈವರೆಗೂ ಕೈ ತೊಳೆದು, ಹುಳುಮನೆಯ ಹೊಸ್ತಿಲು ದಾಟಿದಳು. "ಏಯ್, ನಿಲ್ಲೇ!" ಎಂದು ಅತ್ತೆ ಕೂಗಿದರು. ಅವಳು ನಿಲ್ಲಲಿಲ್ಲ. ನನ್ನ ಅಂಗೈಯಿಂದ ಹುಳುಗಳನ್ನು ತೆಗೆದುಕೊಂಡಳು.

"ಗಾಡಿ ಕಟ್ಟಿಸ್ಕೊಂಡು ಚಿಂತಾಮಣಿ ಆಸ್ಪತ್ರೆಗೆ ಹೋಗು."

"ನಿನ್ನ ಗುಂಡಿ ತೆರೆದೇ ಇದೆಯಲ್ಲಕ್ಕ..." ಎಂದೆ.

"ಅವು ಕಾಯ್ತವೆ. ಇವನ್ನ ನಾನು ನೋಡ್ಕೊತೀನಿ. ನೀನು ಹೋಗೇ."

ಮೂರನೆಯ ದಿನ ನಾಗುವನ್ನು ಕಂಕುಳಲ್ಲಿ ಎತ್ತಿಕೊಂಡು ಬಂದೆ. ಹುಳುಗಳೆಲ್ಲ ಚಂದ್ರಂಕಿ ಸೇರಿದ್ದವು. ಆಂಜಿನಮ್ಮ ಗುಂಡಿಯ ಅಂಚಿನಲ್ಲಿ ಕೂತಿದ್ದಳು. ಎದ್ದು, ಮಣ್ಣಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ನಾಗುವಿನ ಹಣೆ ಮುಟ್ಟಿದಳು, ಕತ್ತು ಮುಟ್ಟಿದಳು.

"ಜ್ವರ ಬಿಟ್ಟಿದೆ" ಎಂದಳು.

ಆಮೇಲೆ ಅಲ್ಲೇ ಕುಸಿದು ಕೂತು, ರತ್ನನ ಹೆಸರು ಹಿಡಿದು, ಹತ್ತು ತಿಂಗಳ ಅಳುವನ್ನು ಅತ್ತಳು. ನಾವು ಯಾರೂ ಅವಳನ್ನು ಸುಮ್ಮನಾಗಿಸಲಿಲ್ಲ.