ಮಂಚಕ್ಕೆ ನಾಲ್ಕು ತೂತು

ಕಿರ್ರ್, ಕಿರ್ರ್, ಆಮೇಲೊಂದು ಮೆತ್ತನೆಯ ಟಪ್. ಬೈರಿಗೆಯ ಮೊನೆ ಹಲಗೆಯ ಆಚೆ ಬದಿಗೆ ಹೊರಬರುವ ಸದ್ದು ಅದು. ಒಂದರ ಹಿಂದೊಂದು ನಾಲ್ಕು ಸಲ ಕೇಳಿತೆಂದರೆ, ಎದುರುಮನೆಯ ಬಡಗಿ ಮಾಮನ ಇನ್ನೊಂದು ಪೆಟ್ಟಿಗೆ ಮಂಚ ಮುಗಿಯಿತೆಂದು ನಮ್ಮ ಬೀದಿಗೆಲ್ಲ ಗೊತ್ತಾಗುತ್ತಿತ್ತು. ಅವರ ಶೆಡ್ಡಿನಲ್ಲಿ ಕರೆಂಟಿನ ಡ್ರಿಲ್ ಇತ್ತು. ಆದರೂ ಆ ನಾಲ್ಕು ತೂತುಗಳನ್ನು ಮಾತ್ರ ಕೈಯಿಂದಲೇ ಕೊರೆಯುತ್ತಿದ್ದರು. ಹೆಬ್ಬೆರಳು ಹೋಗುವಷ್ಟು ಅಗಲ, ಮಂಚದ ಕಾಲಿನ ಕಡೆಯ ಹಲಗೆಯಲ್ಲಿ, ಒಂದೇ ಸಾಲಿನಲ್ಲಿ. ಅದಕ್ಕೇ ಜನ ಅವರನ್ನು ತೂತು ಮಾಮ ಎನ್ನುತ್ತಿದ್ದರು. ಎದುರಿಗೇ ಅಂದರೂ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ.

ನಮ್ಮ ಬೀದಿಯ ಮನೆಗಳು ಚಿಕ್ಕವು. ಅಡುಗೆಮನೆಯಲ್ಲಿ ಒಬ್ಬರು ತಿರುಗಬೇಕಾದರೆ ಇನ್ನೊಬ್ಬರು ಹೊರಗೆ ಹೋಗಬೇಕು. "ಮನೆ ಚಿಕ್ಕದಲ್ಲಮ್ಮ, ಸಾಮಾನು ದಾರಿ ತಪ್ಪಿದೆ ಅಷ್ಟೆ," ಎನ್ನುವುದು ಮಾಮನ ಮಾತು. ಕೆಲಸಕ್ಕೆ ಕರೆದರೆ ಮೊದಲ ದಿನ ಅಳತೆ ಟೇಪನ್ನೇ ತರುತ್ತಿರಲಿಲ್ಲ. ಮನೆಯಲ್ಲಿರುವ ಪಾತ್ರೆಗಳ ಮುಚ್ಚಳವನ್ನೆಲ್ಲ ನೆಲದ ಮೇಲೆ ಹರಡಿಸುವರು. ಎಲ್ಲಕ್ಕಿಂತ ಎತ್ತರದ ಬಾಟಲಿ, ಉದ್ದನೆಯ ಸೌಟು, ಕೊಡೆ ತರಿಸಿ ಸಾಲಾಗಿ ನಿಲ್ಲಿಸುವರು. ಆಮೇಲೆ ಮೂಲೆಯಲ್ಲೊಂದು ಸ್ಟೂಲು ಹಾಕಿಕೊಂಡು, ಅಡುಗೆ ಮಾಡುವವರು ಎಷ್ಟು ಸಲ ಬಗ್ಗುತ್ತಾರೆಂದು ಅರ್ಧ ಗಂಟೆ ಎಣಿಸುವರು. ದಿನಾ ಬೇಕಾದದ್ದು ಸೊಂಟದಿಂದ ಭುಜದೊಳಗೆ ಇರಬೇಕು. ವಾರಕ್ಕೊಮ್ಮೆ ಬೇಕಾದದ್ದು ತಲೆಯ ಮೇಲೆ. ವರ್ಷಕ್ಕೊಮ್ಮೆ ಬೇಕಾದದ್ದು ಮಂಚದ ಹೊಟ್ಟೆಯೊಳಗೆ. ಕಪಾಟಿನ ಬಾಗಿಲ ಒಳಬದಿಗೆ ಟವೆಲ್ ಹಾಕುವ ಸರಳು ಹೊಡೆದು ಮುಚ್ಚಳಗಳನ್ನು ಅದರಲ್ಲಿ ನಿಲ್ಲಿಸಿಕೊಟ್ಟವರು ಅವರು. ನಮ್ಮನೆಯ ಫ್ರಿಜ್ಜಿಗೂ ಗೋಡೆಗೂ ನಡುವೆ ಒಂದು ಗೇಣು ಜಾಗ ಸುಮ್ಮನೆ ಧೂಳು ತಿನ್ನುತ್ತಿತ್ತು. ಅಲ್ಲಿಗೆ ಗಾಲಿಯ ಮೇಲೆ ಓಡುವ ಕಿರಿದಾದ ಒಂದು ಗೂಡು ಮಾಡಿ ತಂದರು. ಡಬ್ಬಿಗಳನ್ನೆಲ್ಲ ಹೊತ್ತುಕೊಂಡು ಅದು ಹೊರಬಂದಾಗ ಅಮ್ಮ ಚಿಕ್ಕ ಹುಡುಗಿಯ ಹಾಗೆ ಹತ್ತು ಸಲ ಎಳೆದಳು, ಹತ್ತು ಸಲ ತಳ್ಳಿದಳು.

ಎರಡು ಮನೆ ಆಚೆಗಿರುವ ನನ್ನ ಅಕ್ಕ ಪೆಟ್ಟಿಗೆ ಮಂಚ ಮಾಡಿಸಿದ್ದು ಹೋದ ವರ್ಷ. ಭಾವ, ಅಕ್ಕ, ಐದು ವರ್ಷದ ಮಗಳು ಗುಬ್ಬಿ, ಈ ಮೂವರ ರಜಾಯಿ, ಸೂಟ್‌ಕೇಸು, ಹಳೆಯ ಪುಸ್ತಕ ಎಲ್ಲ ಅದರೊಳಗೆ ಹೋಗಬೇಕಿತ್ತು. ಮಂಚ ಬಂದ ದಿನ ಅಕ್ಕ ಸೊಂಟಕ್ಕೆ ಕೈಯಿಟ್ಟು ನಿಂತಳು.

"ಮಾಮ, ಇದೇನು, ಮಂಚಾನೋ ಕೊಳಲೋ?"

"ಊದಿ ನೋಡಮ್ಮ. ರಾಗ ಬಂದ್ರೆ ಮಂಚ ನಿಂಗೆ ಪುಕ್ಕಟೆ."

"ತಮಾಷೆ ಬೇಡ. ಒಳಗಿಡೋದು ಹೊಸ ರಜಾಯಿ. ಧೂಳು ಹೋಗುತ್ತೆ, ಜಿರಳೆ ಹೋಗುತ್ತೆ."

"ಪಾಪ, ಜಿರಳೆಗೂ ಒಂದು ಬೆಚ್ಚಗಿನ ಜಾಗ ಬೇಡ್ವಾ?"

"ಮುಚ್ಚಿಕೊಡಿ ಮಾಮ."

ಮಾಮನ ನಗು ಅಲ್ಲಿಗೇ ನಿಂತಿತು. "ತೂತಿಲ್ಲದ್ದು ಬೇಕಾದ್ರೆ ಬೇರೆ ಬಡಗಿನ ನೋಡ್ಕೋಮ್ಮ."

ಜೊತೆಗೆ ಬಂದಿದ್ದ ಅವರ ಹೆಂಡತಿ, ನಾವೆಲ್ಲ ಅತ್ತೆ ಎನ್ನುವವರು, ಅಕ್ಕನ ಪಕ್ಷ ಹಿಡಿದರು. "ಇವರಿಗೆ ನುಣ್ಣಗಿರೋ ಹಲಗೆ ಕಂಡ್ರೆ ಕೈ ತುರಿಸುತ್ತೆ ಕಣೇ. ಆ ಫೋಟೋ ಸ್ಟುಡಿಯೋದವರು ಮೂರು ಸಲ ವಾಪಸ್ ಕಳಿಸಿದ್ಮೇಲೆ ಅವರೊಬ್ಬರಿಗೆ ತೂತಿಲ್ಲದ ಮಂಚ ಕೊಟ್ರು ನೋಡು."

"ಅವರ ಮನೇಲಿ ಮಕ್ಕಳಿಲ್ಲ," ಎಂದು ಗೊಣಗಿ ಮಾಮ ಹೊರಟುಹೋದರು. ಅದಕ್ಕೂ ಇದಕ್ಕೂ ಏನು ಸಂಬಂಧ ಎಂದು ನಾವು ಯಾರೂ ಕೇಳಲಿಲ್ಲ.

ಅವರು ಗೇಟು ದಾಟುತ್ತಲೇ ಅಕ್ಕ ಪೆಟ್ಟಿಗೆಯೊಳಗೆ ಇಳಿದು ಕೂತಳು. ಪಾರ್ಸೆಲ್ಲಿಗೆ ಹಚ್ಚುವ ಕಂದು ಟೇಪನ್ನು ನಾಲ್ಕು ತೂತಿಗೂ ಒಳಗಿನಿಂದ ಎರಡೆರಡು ಪದರ ಅಂಟಿಸಿದಳು. ಟೇಪನ್ನು ಹಲ್ಲಿನಿಂದ ಕಡಿದು ಕಡಿದು ಕೊಟ್ಟವಳು ನಾನು. ಆ ಅಂಟಿನ ರುಚಿ ಈಗಲೂ ನನ್ನ ಬಾಯಲ್ಲಿದೆ.

ಈ ಸಲದ ಶಾಲೆಯ ರಜೆ. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಅಕ್ಕ ಹಾಸಿಗೆ ಸರಿಸಿ, ಮಂಚದ ಮುಚ್ಚಳ ಎತ್ತಿ, ಅದಕ್ಕೊಂದು ಕೋಲು ಆನಿಸಿ, ರಜಾಯಿಗಳನ್ನು ಬಿಸಿಲಿಗೆ ಹಾಕಲು ತಾರಸಿಗೆ ಹೊರಟಳು. ಮೆಟ್ಟಿಲು ಹತ್ತುವಾಗ ಗುಬ್ಬಿ ಹಿಂದಿನಿಂದ ಏನೋ ಕೇಳಿದ್ದು ಅವಳಿಗೆ ನೆನಪು. ಕೈ ತುಂಬ ರಜಾಯಿ. ಇವಳು "ಹೂಂ" ಎಂದಿದ್ದಳು. ಕೆಳಗೆ ಬಂದಾಗ ಮುಚ್ಚಳ ಮುಚ್ಚಿತ್ತು. ತಾನೇ ಮುಚ್ಚಿರಬೇಕು ಎಂದುಕೊಂಡಳು. ಹಾಸಿಗೆ ಎಳೆದು ಹಾಸಿದಳು, ಅದರ ಮೇಲೊಂದು ಒಗೆದ ಹೊದಿಕೆ ಬಿಗಿದಳು, ರೇಡಿಯೋ ಹಾಕಿ, ಅದರ ಜೊತೆ ಹಾಡಿಕೊಳ್ಳುತ್ತ ಅಲ್ಲೇ ಕೂತು ಬಟ್ಟೆ ಮಡಚಿದಳು.

ಹನ್ನೆರಡಕ್ಕೆ ಊಟಕ್ಕೆ ಕರೆದಾಗ ಗುಬ್ಬಿ ಬರಲಿಲ್ಲ.

ಅಕ್ಕನ ಕೂಗಿಗೆ ನಾನು ಓಡಿದೆ. ಬಾಗಿಲ ಹಿಂದೆ ನೋಡಿದೆವು, ತಾರಸಿಯಲ್ಲಿ ನೋಡಿದೆವು, ಪಕ್ಕದ ಮನೆಗಳಲ್ಲಿ, ಮೂಲೆಯ ಅಂಗಡಿಯಲ್ಲಿ. ನೀರಿನ ತೊಟ್ಟಿಯ ಮುಚ್ಚಳ ತೆಗೆಯುವಾಗ ನನ್ನ ಕಣ್ಣು ತಾನಾಗಿ ಮುಚ್ಚಿಕೊಂಡಿತು. ನೀರು ತಿಳಿಯಾಗಿ, ಖಾಲಿಯಾಗಿ ಹೊಳೆಯುತ್ತಿತ್ತು. ಮರಳಿ ಬಂದಾಗ ಅಕ್ಕ ಅದೇ ಮಂಚದ ಮೇಲೆ ಕೂತು ಭಾವನಿಗೆ ಫೋನು ಹಚ್ಚುತ್ತಿದ್ದಳು.

ಬೀದಿಯ ಗದ್ದಲ ಕೇಳಿ ಮಾಮ ಬಂದರು. ಕಿವಿಯ ಮೇಲೆ ಪೆನ್ಸಿಲು, ಅಂಗಿಯ ಮೇಲೆಲ್ಲ ಮರದ ಹೊಟ್ಟು. ಎಲ್ಲರೂ ಕೇಳಿದ್ದನ್ನು ಅವರು ಕೇಳಲಿಲ್ಲ.

"ಇವತ್ತು ಮಂಚ ತೆಗೆದಿದ್ಯಾ?"

ಅಕ್ಕ ಅರ್ಥವಾಗದೆ ನೋಡಿದಳು. ಅವರು ಆಗಲೇ ಕಾಲಿನ ಕಡೆ ಮಂಡಿಯೂರಿದ್ದರು. ನಾನೂ ಬಗ್ಗಿದೆ. ಎರಡನೆಯ ತೂತಿನಿಂದ ಏನೋ ಹೊರಗೆ ಚಾಚಿತ್ತು. ಕಿರುಬೆರಳು. ಅದರ ಉಗುರಿಗೆ ಹಿಂದಿನ ದಿನ ನಾನೇ ಹಚ್ಚಿದ ಗುಲಾಬಿ ಬಣ್ಣ, ಅರ್ಧ ಕೆತ್ತಿಹೋಗಿತ್ತು. ಬೆರಳು ಒಮ್ಮೆ ಮಡಚಿತು, ಮತ್ತೆ ಚಾಚಿತು.

"ಏಳು!" ಮಾಮ ಅಷ್ಟು ಜೋರಾಗಿ ಕೂಗಿದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ. "ಮೇಲಿಂದ ಏಳಮ್ಮ, ಏಳು!"

ಹಾಸಿಗೆ ನೆಲಕ್ಕೆ ಬಿತ್ತು, ಮುಚ್ಚಳ ಎದ್ದಿತು. ಒಳಗೆ, ಜಾರಿಬಿದ್ದ ಕೋಲಿನ ಪಕ್ಕದಲ್ಲಿ, ಗುಬ್ಬಿ ಮುದುಡಿ ಮಲಗಿದ್ದಳು. ಫ್ರಾಕು ನೀರಿನಲ್ಲಿ ಅದ್ದಿ ತೆಗೆದ ಹಾಗಿತ್ತು. ಮುಖ ಕೆಂಪಗೆ, ತುಟಿ ಬೆಳ್ಳಗೆ. ಬೆಳಕಿಗೆ ಕಣ್ಣು ಕಿರಿದು ಮಾಡಿ, ಒಡೆದ ದನಿಯಲ್ಲಿ ಕೇಳಿದಳು:

"ನಾನು ಗೆದ್ನಾ?"

ಅಕ್ಕ ಅವಳನ್ನು ಎತ್ತಿಕೊಂಡಳು.

"ನನ್ನ ಹುಡುಕು ಅಂದೆ, ನೀನು ಹೂಂ ಅಂದೆ," ಎಂದಳು ಮಗು. "ಆಮೇಲೆ ಕೂಗ್ದೆ, ತುಂಬಾ ಕೂಗ್ದೆ. ನೀನು ಮೇಲೆ ಕೂತ್ಕೊಂಡು ಹಾಡ್ತಾ ಇದ್ದೆ."

ಅವಳ ಮುಷ್ಟಿ ಬಿಡಿಸಿದಾಗ ಕಂದು ಟೇಪಿನ ಚೂರುಗಳಿದ್ದವು. ನಾಲ್ಕರಲ್ಲಿ ಒಂದನ್ನು ಮಾತ್ರ ಕೀಳಲು ಅವಳ ಉಗುರಿಗೆ ಆಗಿತ್ತು.

ಡಾಕ್ಟರು ನೋಡಿದರು, ನೀರು ಕುಡಿಸಿದರು, ಭಯವಿಲ್ಲ ಎಂದರು. ಮನೆಗೆ ಬಂದು ಗುಬ್ಬಿ ನಿದ್ದೆ ಹೋದ ಮೇಲೂ ಅಕ್ಕ ಅವಳ ಮೂಗಿನ ಹತ್ತಿರ ಕೈ ಹಿಡಿದೇ ಇದ್ದಳು. ಮಾಮ ಉಳಿದ ಮೂರು ತೂತುಗಳ ಟೇಪು ಕಿತ್ತು, ಬೈರಿಗೆ ತರಿಸಿ ಅಂಟನ್ನೆಲ್ಲ ಕೆರೆದು ತೆಗೆದರು. ಆಮೇಲೆ ಹೊಸಿಲ ಮೇಲೆ ಕೂತರು. ಅತ್ತೆ ಕೊಟ್ಟ ನೀರಿನ ಲೋಟವನ್ನು ಕುಡಿಯದೆ ಪಕ್ಕದಲ್ಲೇ ಇಟ್ಟುಕೊಂಡರು.

"ನನಗೆ ಆರು ವರ್ಷ," ಎಂದರು, ಯಾರೂ ಕೇಳದಿದ್ದರೂ. "ಟ್ರಂಕಿನೊಳಗೆ ಬಚ್ಚಿಟ್ಕೊಂಡಿದ್ದೆ. ಚಿಲಕ ತಾನಾಗಿ ಬಿತ್ತು. ನಮ್ಮಣ್ಣ ನನ್ನ ಹುಡುಕಿ ಸಾಕಾಗಿ ಅದರ ಮೇಲೇ ಕೂತು ಕಡಲೆಕಾಯಿ ತಿಂತಿದ್ದ. ಅವನು ಸಿಪ್ಪೆ ಒಡೆಯೋ ಸದ್ದು ನನಗೆ ಕೇಳಿಸ್ತಿತ್ತು. ನನ್ನ ಕೂಗು ಅವನಿಗೆ ಕೇಳಿಸ್ಲಿಲ್ಲ. ಟ್ರಂಕಿನ ಮೂಲೇಲಿ ತುಕ್ಕು ತಿಂದ ಒಂದು ತೂತಿತ್ತು. ಅದಕ್ಕೆ ಮೂಗಿಟ್ಕೊಂಡು ಬಿದ್ದಿದ್ದೆ."

ಅತ್ತೆ ಬಾಗಿಲಿಗೆ ಒರಗಿದರು. "ಮೂವತ್ತು ವರ್ಷ ಸಂಸಾರ ಮಾಡಿದೀನಿ. ನನಗೂ ಹೇಳ್ಲಿಲ್ಲ ನೀವು."

"ಮಕ್ಕಳಿರೋ ಮನೆಗೆ ಮಂಚ ಹೊತ್ಕೊಂಡು ಹೋಗಿ, ಇದರಲ್ಲಿ ಉಸಿರು ಕಟ್ಟುತ್ತೆ ಅಂತ ಹೇಳೋದಾ? ಯಾರು ಮಾಡಿಸ್ಕೋತಾರೆ? ತೂತು ಕೊರೆದ್ರೆ ಸಾಕು ಅಂದ್ಕೊಂಡೆ."

ಒಳಗಿನಿಂದ ಅಕ್ಕನ ದನಿ ಬಂತು. "ಒಂದು ಮಾತು ಹೇಳಿದ್ದಿದ್ರೆ ನಾನು ಟೇಪ್ ಹಚ್ತಿದ್ನಾ ಮಾಮ? ಊದಿ ನೋಡು ಅಂದ್ರಿ. ಜಿರಳೆಗೂ ಜಾಗ ಬೇಡ್ವಾ ಅಂದ್ರಿ."

ಮಾಮ ಬೈರಿಗೆಯ ಮೊನೆಗೆ ಮೆತ್ತಿದ ಅಂಟನ್ನು ಹೆಬ್ಬೆರಳಿನಿಂದ ತಿಕ್ಕಿದರು.

"ಹಿಂದಿನ ಮನೆಯವರು ತೂತಿಗೆ ಮೇಣ ತುಂಬಿದ್ದಾರೆ," ಎಂದೆ ನಾನು. ಹೇಳದಿರಲು ಆಗಲಿಲ್ಲ. "ಅಂಗಡಿಯವರು ಬಿರಡೆ ಹೊಡೆದಿದ್ದಾರೆ. ಜಿರಳೆ ಬರುತ್ತೆ ಅಂತ."

"ಎಲ್ಲ ಮನೆಗೂ ಹೋಗ್ತೀನಿ," ಎಂದರು ಮಾಮ, ನೆಲ ನೋಡುತ್ತ. "ಬಾಯಿ ಬಿಟ್ಟು ಹೇಳ್ತೀನಿ."

"ಹೋಗೋರಂತೆ. ಮೊದಲು ಒಂದು ತುತ್ತು ತಿನ್ನಿ," ಎಂದು ಅತ್ತೆ ಲೋಟ ಎತ್ತಿಕೊಂಡರು. ಸಮಾಧಾನ ಮಾಡುವ ದನಿಯಲ್ಲೇ ಮುಂದುವರಿಸಿದರು: "ತೂತೇ ಇಲ್ಲದ್ದು ಆ ಸ್ಟುಡಿಯೋದವರದ್ದೊಂದೇ. ಅವರ ಮನೇಲಿ ಮಕ್ಕಳಿಲ್ಲ ಅಂತ ನೀವೇ ಅಂದಿದ್ರಲ್ಲ."

ಮಾಮ ಎದ್ದು ನಿಂತರು. ಬೈರಿಗೆ ಕೈಯಲ್ಲೇ ಇತ್ತು.

"ಈಗ ರಜೆ ಅಲ್ವೇನೇ," ಎಂದರು. "ಅವರ ತಂಗಿ ಮಕ್ಕಳು ಮೊನ್ನೆ ಬಸ್ಸಿಂದ ಇಳೀತಿದ್ದದ್ದು ನಾನೇ ನೋಡ್ದೆ. ಇಬ್ಬರೂ ಇಷ್ಟಿಷ್ಟೇ ಎತ್ತರ. ಅವರೇನಾದ್ರೂ ಆ ಮಂಚದ..."

ಚಪ್ಪಲಿ ಹೊಸಿಲ ಹತ್ತಿರವೇ ಉಳಿಯಿತು. ಅವರ ಬಾಯಿ ಇನ್ನೂ ಆಡುತ್ತಿತ್ತು, ಮಾತು ಬೀದಿಯ ತಿರುವಿನ ಕಡೆಗೆ ಅವರ ಜೊತೆಗೇ ಓಡುತ್ತಿತ್ತು.