ಇಂಚರಳಿಗೆ ಸೂಜಿ ತಪ್ಪಿಸಿದ ಅನ್ನಪೂರ್ಣೇಶ್ವರಿ

ನಮ್ಮ ಅಣ್ಣನ ಮಗಳು ಇಂಚರ ಹುಟ್ಟಿ ಮೂರು ತಿಂಗಳೂ ತುಂಬಿರಲಿಲ್ಲ, ಹಾಲು ಕುಡಿದಷ್ಟೂ ಸೊರಗತೊಡಗಿದಳು. ಕಳೆದ ವರ್ಷ ಕಾಫಿ ಕೊಯ್ಲು ಜೋರಾಗಿದ್ದ ಸಮಯ. ಅಣ್ಣ ಸುಧೀರ ಮೂಡಿಗೆರೆ ಹತ್ತಿರದ ಎಸ್ಟೇಟೊಂದರಲ್ಲಿ ರೈಟರ್, ಅಂದರೆ ಆಳುಗಳ ಹಾಜರಿ ನೋಡಿಕೊಳ್ಳುವವನು. ಒಂದು ಬೆಳಿಗ್ಗೆ ಮಗು ಏದುಸಿರು ಬಿಡುವುದನ್ನು ಕಂಡು ಎಸ್ಟೇಟಿನ ಜೀಪಿನಲ್ಲೇ ಮೂಡಿಗೆರೆಯ ಆಸ್ಪತ್ರೆಗೆ ಓಡಿದರು. ಕಫ ಕಟ್ಟಿರಬೇಕು ಅಂತಲೇ ಎಲ್ಲರ ಎಣಿಕೆ. ಡಾಕ್ಟರು ಮಗುವಿನ ಹಿಮ್ಮಡಿಯಿಂದ ಒಂದು ಹನಿ ರಕ್ತ ತೆಗೆದು ಸಕ್ಕರೆ ನೋಡುವ ಮೀಟರಿಗೆ ಹಾಕಿದರು. ಮೀಟರು ಅಂಕಿಯನ್ನೇ ತೋರಿಸಲಿಲ್ಲ. ಸಕ್ಕರೆ ಅದರ ಅಳತೆಯನ್ನೂ ಮೀರಿತ್ತು. ಕೂಡಲೇ ಆಂಬುಲೆನ್ಸಿನಲ್ಲಿ ಚಿಕ್ಕಮಗಳೂರಿಗೆ ಕಳಿಸಿದರು.

ನಾನು ಇರುವುದು ಚಿಕ್ಕಮಗಳೂರಿನಲ್ಲೇ. ಪಿಎಚ್.ಡಿ. ಮುಗಿಸಿ ಪೋಸ್ಟ್‌ಡಾಕ್ ಸಂಶೋಧಕಿಯಾಗಿ ಕೆಲಸ ಮಾಡುತ್ತೇನೆ. ನನ್ನ ವಿಷಯ ಸಕ್ಕರೆ ಕಾಯಿಲೆಯೇ. ದಿನವಿಡೀ ಮೈಮುರಿದು ದುಡಿಯುವ, ತೆಳ್ಳಗೇ ಇರುವ ತೋಟದ ಜನರಿಗೂ ಈ ಕಾಯಿಲೆ ಯಾಕೆ ಬರುತ್ತದೆ ಎಂದು ಹುಡುಕುವುದು. ಆಳುಗಳು ಇರುವ ಲೈನು ಮನೆಗಳಿಗೆ ಹೋಗಿ ರಕ್ತ ತೆಗೆಸುತ್ತೇನೆ, ಲ್ಯಾಬಿನಲ್ಲಿ ಪರೀಕ್ಷೆ ಮಾಡುತ್ತೇನೆ. ಆದರೆ ನಾನು ನೋಡುವ ಕಾಯಿಲೆಯವರೆಲ್ಲ ದೊಡ್ಡವರು. ಐಸಿಯುವಿನ ಗಾಜಿನ ಆಚೆ ಅಂಗೈಯಗಲದ ಎದೆ ಹಾಗೆ ಎದ್ದು ಬೀಳುವುದನ್ನು ನೋಡಿದಾಗ ನಾನು ಓದಿದ್ದೊಂದೂ ತಲೆಗೆ ಬರಲಿಲ್ಲ.

ಅಲ್ಲಿನ ಮಕ್ಕಳ ಡಾಕ್ಟರು, ನಡುವಯಸ್ಸಿನ ಹೆಂಗಸು, ಇನ್ಸುಲಿನ್ ಡ್ರಿಪ್ ಹಾಕಿ ಮಗುವನ್ನು ಉಳಿಸಿಕೊಟ್ಟರು. ಅವರಿಗೆ ನಾನು ಎಷ್ಟು ಸಲ ಕೈ ಮುಗಿದರೂ ಸಾಲದು. ಮನೆಗೆ ಕಳಿಸುವ ದಿನ, "ಇನ್ಮುಂದೆ ದಿನಾ ಇಂಜೆಕ್ಷನ್ ಬೇಕಾಗುತ್ತೆ. ಬಹುಶಃ ಜೀವನಪೂರ್ತಿ" ಅಂದರು.

ಕಷ್ಟ ಶುರುವಾದದ್ದು ಅಣ್ಣನ ಮನೆಗೆ ಬಂದ ಮೇಲೆ. ನಾನೂ ಜೊತೆಗೆ ಹೋಗಿದ್ದೆ. ಅಷ್ಟು ಸಣ್ಣ ಮಗುವಿಗೆ ಇನ್ಸುಲಿನ್ ಕೂದಲೆಳೆಯಷ್ಟು ಹೆಚ್ಚಾದರೂ ಸಕ್ಕರೆ ಕುಸಿಯುತ್ತದೆ, ಕಡಿಮೆಯಾದರೆ ಏರಿ ಕೂರುತ್ತದೆ. ಒಂದು ಮಧ್ಯಾಹ್ನ ಇಂಚರ ಅತ್ತಿಗೆಯ ತೋಳಲ್ಲೇ ಬಟ್ಟೆಯ ಹಾಗೆ ಜೋತುಬಿದ್ದಳು. ಗ್ಲೂಕೋಸ್ ನೀರು ತುಟಿಗೆ ಸವರಿ ಸವರಿ ಕಣ್ಣು ಬಿಡಿಸಿದೆವು. ಅತ್ತಿಗೆ ವೀಣಾ ಮಗುವಿನ ತೊಡೆ ನನಗೆ ತೋರಿಸಿದರು. "ಎಲ್ಲಿ ಅಂತ ಚುಚ್ಚಲಿ, ನೀನೇ ಹೇಳು. ಸೂಜಿಗೆ ಜಾಗವೇ ಇಲ್ಲ."

ನಮ್ಮಮ್ಮ ಒಲೆ ಮುಂದೆ ಕೂತವರು ತಿರುಗಿ ಕೇಳಿದರು: "ನೀ ಇದನ್ನೇ ಅಲ್ವ ಮಾರಾಯ್ತಿ ಇಷ್ಟು ವರ್ಷ ಓದಿದ್ದು? ಎಂತದೂ ದಾರಿ ಇಲ್ವ?"

"ಹೊರನಾಡಿಗೆ ಹೋಗಿ ಬರ್ತೀನಿ" ಅಂದೆ.

ಮರುದಿನ ಬೆಳಿಗ್ಗೆ ಮೂಡಿಗೆರೆಯಿಂದ ಕೊಟ್ಟಿಗೆಹಾರ, ಕಳಸದ ಮೇಲೆ ಹೋಗುವ ಬಸ್ಸು ಹತ್ತಿದೆ. ತಿರುವು ತಿರುವಿಗೂ ಒಂದೇ ಮಾತು ಹೇಳಿಕೊಂಡೆ: ತಾಯಿ, ಊರಿಗೆಲ್ಲ ಅನ್ನ ಹಾಕುವವಳು ನೀನು, ಈ ಕೂಸು ಕುಡಿದ ಹಾಲು ಅದರ ಮೈಗೆ ಹತ್ತುವ ಹಾಗೆ ಮಾಡು. ಬೇರೆ ಏನನ್ನೂ ಕೇಳಲಿಲ್ಲ.

ಅನ್ನಪೂರ್ಣೇಶ್ವರಿಯ ಮುಂದೆ ಅರ್ಚನೆಗೆ ನಿಂತಾಗ ವಯಸ್ಸಾದ ಭಟ್ಟರು, "ಯಾರ ಹೆಸರಿಗಮ್ಮ?" ಅಂದರು.

"ಇಂಚರ, ರೋಹಿಣಿ ನಕ್ಷತ್ರ. ಹುಷಾರಿಲ್ಲ."

"ಸಣ್ಣವಳಾ? ಎಷ್ಟು ವರ್ಷ?"

"ವರ್ಷ ಎಲ್ಲಿ ಭಟ್ರೆ, ಕಾಯಿಲೆ ಬಂದಾಗ ಮೂರು ತಿಂಗಳೂ ತುಂಬಿರ್ಲಿಲ್ಲ."

ನನ್ನ ಬಾಯಿಂದ ಬಂದ ಆ ಮಾತು ನನ್ನ ಕಿವಿಗೇ ಬಿತ್ತು. ಆರು ತಿಂಗಳ ಒಳಗೆ ಬರುವ ಸಕ್ಕರೆ ಕಾಯಿಲೆ ಮಕ್ಕಳಲ್ಲಿ ಸಾಮಾನ್ಯವಾಗಿ ಕಾಣುವ ಬಗೆಯದಲ್ಲ. ಬಹಳ ಸಲ ಒಂದೇ ಒಂದು ಜೀನ್ ಬದಲಾಗಿ ಬರುವಂಥದು. ಅಂಥ ಕೆಲವು ಮಕ್ಕಳ ಮೈಯಲ್ಲಿ ಇನ್ಸುಲಿನ್ ಇರುತ್ತದೆ, ಹೊರಗೆ ಬರಲು ಬಾಗಿಲು ತೆರೆಯುವುದಿಲ್ಲ. ಆ ಬಾಗಿಲು ತೆರೆಸುವುದಕ್ಕೆ ಹಳೆಯದೊಂದು ಮಾತ್ರೆಯೇ ಸಾಕಾಗಬಹುದು. ವಿದ್ಯಾರ್ಥಿನಿಯಾಗಿದ್ದಾಗ ಯಾವುದೋ ಉಪನ್ಯಾಸದಲ್ಲಿ ಕೇಳಿ ಮರೆತಿದ್ದ ಪಾಠ, ಮಂಗಳಾರತಿಯ ಎದುರು ಸಾಲುಸಾಲಾಗಿ ನೆನಪಿಗೆ ಬಂತು. ಭಟ್ಟರು ಪ್ರಸಾದ ಕೊಟ್ಟದ್ದೂ ನನಗೆ ತಿಳಿಯಲಿಲ್ಲ. "ತಗೊಳ್ಳಮ್ಮ" ಎಂದು ಇನ್ನೊಮ್ಮೆ ಹೇಳಬೇಕಾಯಿತು.

ಹೊರಗೆ ಬಂದು ನೆಟ್‌ವರ್ಕ್ ಸಿಗುವ ಜಾಗ ಹುಡುಕಿ ಚಿಕ್ಕಮಗಳೂರಿನ ಡಾಕ್ಟರಿಗೆ ಫೋನು ಮಾಡಿದೆ. ಮಾತು ತೊದಲುತ್ತಿತ್ತು. ಅವರು ಪೂರ್ತಿ ಕೇಳಿಸಿಕೊಂಡರು.

"ಹೌದು. ಜೀವ ಉಳಿಸೋ ಗಡಿಬಿಡೀಲಿ ನಾನು ಆ ಕಡೆ ಯೋಚನೆ ಮಾಡ್ಲಿಲ್ಲ. ನಾಳೆನೇ ಕರ್ಕೊಂಡು ಬನ್ನಿ, ಅಪ್ಪ ಅಮ್ಮನ ರಕ್ತನೂ ಬೇಕು. ಆದ್ರೆ ಮನೆಯವರಿಗೆ ಈಗಲೇ ಆಸೆ ಹುಟ್ಟಿಸ್ಬೇಡಿ. ಎಲ್ಲ ಮಕ್ಕಳಿಗೂ ಮಾತ್ರೆ ಹಿಡಿಯಲ್ಲ."

ಆಸೆ ಹುಟ್ಟಿಸದೆ ಇರುವುದು ಹೇಗೆ? ನನ್ನ ಮುಖ ನೋಡಿಯೇ ಅತ್ತಿಗೆಗೆ ಗೊತ್ತಾಗಿಬಿಟ್ಟಿತು. ರಕ್ತ ಬೆಂಗಳೂರಿನ ಲ್ಯಾಬಿಗೆ ಹೋಯಿತು. ವರದಿ ಬರಲು ವಾರಗಳೇ ಹಿಡಿದವು. ಅಷ್ಟರಲ್ಲಿ ಮಗುವಿನ ಸಕ್ಕರೆ ಮತ್ತೆ ಕುಸಿದು ಇನ್ನೊಮ್ಮೆ ಆಸ್ಪತ್ರೆಗೆ ಓಡಿದ್ದಾಯಿತು. ಅಣ್ಣ ಹಾಜರಿ ತೆಗೆದುಕೊಳ್ಳುತ್ತಲೇ ಅಳುತ್ತಿದ್ದ ಎಂದು ಆಮೇಲೆ ಎಸ್ಟೇಟಿನ ಆಳುಗಳ ಮೇಸ್ತ್ರಿ ಹೇಳಿದರು.

ನಾನು ಒಂದು ಎಸ್ಟೇಟಿನಲ್ಲಿ ಹೆಂಗಸರ ತೂಕ ನೋಡುತ್ತಿದ್ದಾಗ ಫೋನು ಬಂತು.

"ನೀವು ಹೇಳಿದ್ದೇ ಜೀನು. ಮಾತ್ರೆ ಹಿಡಿಯೋ ಬಗೆನೇ" ಅಂದರು ಡಾಕ್ಟರು.

ನಾನು ಅಲ್ಲೇ ಕಾಫಿ ಗಿಡಗಳ ನಡುವೆ ಕುಸಿದು ಕೂತೆ. ತೂಕದ ಯಂತ್ರದ ಮೇಲೆ ನಿಂತಿದ್ದಾಕೆ ಗಾಬರಿಯಾಗಿ, "ಎಂತಾಯ್ತು ಮೇಡಂ, ಯಾರಾದ್ರೂ ಹೋದ್ರಾ?" ಅಂದಳು.

"ಇಲ್ಲ ಕಣಕ್ಕ, ಬಂದ್ರು" ಅಂದೆ. ನಗುವೂ ಅಳುವೂ ಒಟ್ಟಿಗೇ ಬರುತ್ತಿದ್ದವು.

ಆಸ್ಪತ್ರೆಗೆ ಸೇರಿಸಿಕೊಂಡು, ಮಾತ್ರೆಯನ್ನು ನೀರಿನಲ್ಲಿ ಕರಗಿಸಿ ಹನಿಹನಿಯಾಗಿ ಕುಡಿಸುತ್ತ, ಇನ್ಸುಲಿನ್ನನ್ನು ದಿನದಿಂದ ದಿನಕ್ಕೆ ಇಳಿಸುತ್ತ ಹೋದರು. ಮೀಟರಿನ ಅಂಕಿ ನೋಡುವುದಕ್ಕೆ ನಾವೆಲ್ಲ ಮಂಚದ ಸುತ್ತ ಮುಗಿಬೀಳುತ್ತಿದ್ದೆವು. ಅಂಕಿ ಹದಕ್ಕೆ ಬಂದು ನಿಂತಿತು. ಒಂದು ದಿನ ನರ್ಸಮ್ಮ ಸಿರಿಂಜಿನ ತಟ್ಟೆಯನ್ನು ತಂದವರು ಹಾಗೇ ವಾಪಸು ತೆಗೆದುಕೊಂಡು ಹೋದರು. "ಇವತ್ತು ಬೇಡ್ವಂತೆ" ಅಂದರು. ಅತ್ತಿಗೆ ನಂಬದೆ ಬಾಗಿಲವರೆಗೂ ಹೋಗಿ ಕೇಳಿ ಬಂದರು.

ಅಂದಿನಿಂದ ಇಂಚರಳಿಗೆ ಇನ್ಸುಲಿನ್ ಸೂಜಿ ಚುಚ್ಚಿಲ್ಲ. ಮಾತ್ರೆ ತಪ್ಪಿಸುವಂತಿಲ್ಲ, ತಪಾಸಣೆಗೂ ಹೋಗುತ್ತಿರಬೇಕು. ಆದರೆ ಕೆನ್ನೆ ತುಂಬಿದೆ, ತೊಡೆಯಲ್ಲಿ ಮಡಿಕೆ ಬಿದ್ದಿದೆ.

ಲ್ಯಾಬಿನ ಗೆಳತಿಯೊಬ್ಬಳು ಕೇಳಿದಳು: "ನಿಂಗೆ ಗೊತ್ತಿದ್ದದ್ದೇ ನೆನಪಾಯ್ತು. ಇದ್ರಲ್ಲಿ ದೇವಿ ಎಲ್ಲಿಂದ ಬಂದ್ಲೆ?" ಗೊತ್ತಿತ್ತು, ನಿಜ. ಐಸಿಯುವಿನಲ್ಲೂ ಗೊತ್ತಿತ್ತು, ಮನೆಯಲ್ಲೂ ಗೊತ್ತಿತ್ತು, ಆದರೆ ಬೇಕಾದಾಗ ಕೈಗೆ ಸಿಗಲಿಲ್ಲ. ಕೇಳಿದ ಕಡೆ ಸಿಕ್ಕಿತು. ನನಗೆ ಇಷ್ಟು ಸಾಕು. ಈಗ ಲ್ಯಾಬಿನ ಬಾಗಿಲು ತೆರೆಯುವಾಗಲೂ ಒಮ್ಮೆ ಕೈ ಮುಗಿಯುತ್ತೇನೆ.

ಓದುತ್ತಿರುವ ಭಕ್ತರಲ್ಲಿ ಒಂದು ವಿನಂತಿ. ಆರು ತಿಂಗಳೊಳಗಿನ ಕೂಸಿಗೆ ಈ ಕಾಯಿಲೆ ಅಂದರೆ ಡಾಕ್ಟರ ಹತ್ತಿರ ಜೀನ್ ಪರೀಕ್ಷೆಯ ಬಗ್ಗೆ ಕೇಳಿ. ಹರಕೆ ಹೊತ್ತಿದ್ದೇವೆಂದು ನೀವಾಗಿ ಔಷಧ ಬಿಡಬೇಡಿ. ಆ ತಾಯಿ ನನಗೆ ಕೊಟ್ಟ ಪ್ರಸಾದದಲ್ಲಿ ಇದು ನಿಮ್ಮ ಪಾಲು.

ಇಂಚರಳ ಅನ್ನಪ್ರಾಶನ ಹೊರನಾಡಿನಲ್ಲೇ ಆಯಿತು. ನಮ್ಮಮ್ಮ ಪಾಯಸದ ಬಟ್ಟಲು ಹಿಡಿದು, "ಸಿಹಿ ಮುಟ್ಟಿಸ್ಬಹುದಾ?" ಎಂದು ನನ್ನನ್ನು ಕೇಳಿದರು. ಡಾಕ್ಟರನ್ನು ಕೇಳಿಕೊಂಡೇ ಬಂದಿದ್ದೆ. ಒಂದು ಅಗುಳು ನಾಲಿಗೆಗೆ ತಾಗಿಸಿದೆವು. ಅವಳು ಚಪ್ಪರಿಸಿದಳು, ಎಲ್ಲರನ್ನೂ ಒಮ್ಮೆ ನೋಡಿದಳು, ಇನ್ನೂ ಬೇಕೆಂದು ಬಾಯಿ ಅಗಲವಾಗಿ ತೆರೆದಳು.