ಬೆನ್ನ ಮೇಲಿನ ಜೇಬು

ನನ್ನ ಗೊರಕೆಯನ್ನು ನಾನು ಕೇಳಿದವನಲ್ಲ. ಕೇಳಿದವರೆಲ್ಲ ಬೇರೆಯವರು: ಹೆಂಡತಿ, ಮಗ, ಆಂಟಾಪ್ ಹಿಲ್ಲಿನ ನಮ್ಮ ಬಿಲ್ಡಿಂಗಿನಲ್ಲಿ ಗೋಡೆಯಾಚೆಗಿರುವ ಮನೆಯವರು. ಹಾಗಾಗಿ ನಾನು ನಂಬುತ್ತಲೂ ಇರಲಿಲ್ಲ. ದಿನವಿಡೀ ದುಡಿದು ಬಂದವನು ಮಲಗಿದಲ್ಲಿ ಸ್ವಲ್ಪ ಸದ್ದು ಮಾಡಿದರೆ ಯಾರಪ್ಪನ ಗಂಟು ಹೋಗುತ್ತದೆ ಎಂದು ಜಗಳಕ್ಕೇ ನಿಲ್ಲುತ್ತಿದ್ದೆ.

ಹೆಂಡತಿಯ ತಕರಾರು ಸದ್ದಿನ ಬಗ್ಗೆ ಅಲ್ಲ, ಸದ್ದು ನಿಂತುಹೋಗುವುದರ ಬಗ್ಗೆ. ಅಂಗಾತ ಮಲಗಿದರೆ ನಿಮ್ಮ ಉಸಿರೇ ನಿಲ್ಲುತ್ತದೆ, ಆಮೇಲೆ ಬಾವಿಯಲ್ಲಿ ಮುಳುಗಿ ಎದ್ದವರ ಹಾಗೆ ಏದುಸಿರು ಬಿಡುತ್ತೀರಿ, ಒಮ್ಮೆ ಡಾಕ್ಟರಿಗೆ ತೋರಿಸುವ ಎಂದು ಅವಳು ಹಿಂದೆ ಬಿದ್ದಿದ್ದಳು. ಉಸಿರು ನಿಂತವನು ಬೆಳಿಗ್ಗೆ ಎದ್ದು ನಿನ್ನ ಕೈಯ ಚಾ ಕುಡಿಯುತ್ತಾನಾ ಎಂದು ಕೇಳಿ ನಾನು ಅವಳ ಬಾಯಿ ಮುಚ್ಚಿಸುತ್ತಿದ್ದೆ.

ಆಗಲೂ ಈಗಲೂ ನನ್ನ ಕೆಲಸ ಪವಾಯಿಯ ಒಂದು ಉಡುಪಿ ಹೋಟೆಲಿನ ಗಲ್ಲಾದಲ್ಲಿ. ಆ ದಿನಗಳಲ್ಲಿ ಗಿರಾಕಿ ಚಿಲ್ಲರೆಗೆ ಕೈ ಚಾಚಿ ನಿಂತಿರುವಾಗಲೇ ನನ್ನ ತಲೆ ವಾಲುತ್ತಿತ್ತು. ಕುರ್ಲಾದಲ್ಲಿ ಇಳಿದು ಗಾಡಿ ಬದಲಿಸಬೇಕಾದವನು ಕಣ್ಣು ಬಿಟ್ಟರೆ ಚೆಂಬೂರು ಬಂದಿರುತ್ತಿತ್ತು. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂದು ಅಡುಗೆ ಭಟ್ಟರು ಛೇಡಿಸುತ್ತಿದ್ದರು. ನನಗೂ ಅದು ಹೊಗಳಿಕೆಯ ಹಾಗೆ ಕೇಳಿಸುತ್ತಿತ್ತು.

ಮಗ ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಹೆಂಡತಿ ಒಮ್ಮೆ ಕುಂದಾಪುರದ ತವರಿಗೆ ಹೋಗಿ ಬಂದಳು. ಬಂದ ವಾರದಲ್ಲೇ ನನ್ನ ಬನಿಯನ್‌ಗಳನ್ನೆಲ್ಲ ಗುಡ್ಡೆ ಹಾಕಿಕೊಂಡು ಕೂತು, ಒಂದೊಂದರ ಬೆನ್ನಿಗೂ ಪುಟ್ಟ ಜೇಬು ಹೊಲಿದಳು. ಒಳಗಿಡಲು ಎರಡು ಸಿಪ್ಪೆ ಸುಲಿಯದ ಒಣ ಅಡಿಕೆ. ಇದೆಂಥ ಹುಚ್ಚು ಎಂದು ಕೇಳಿದ್ದಕ್ಕೆ ಅವಳು ತಲೆ ಎತ್ತದೆ ಹೇಳಿದಳು:

"ನಮ್ಮ ದೈವದ ಪ್ರಸಾದ. ನಿಮಗೆ ಕಂಟಕ ಉಂಟು, ಮಲಗುವಾಗ ಬೆನ್ನಿಗೆ ಇರಬೇಕು ಅಂತ ನುಡಿ ಆಗಿದೆ. ಬೇಡಾಂದ್ರೆ ನೀವೇ ಹೋಗಿ ದೈವಕ್ಕೆ ಹೇಳಿ ಬನ್ನಿ."

ಡಾಕ್ಟರಿಗೆ ಬೇಕಾದರೆ ಬೈದೇನು. ದೈವದ ಎದುರು ಬಾಯಿ ತೆರೆಯುವ ಗುಂಡಿಗೆ ನನಗಿಲ್ಲ. ಸುಮ್ಮನೆ ತೊಟ್ಟೆ. ಅಂಗಾತ ಮಲಗಿದರೆ ಅಡಿಕೆ ಬೆನ್ನೆಲುಬಿಗೆ ಒತ್ತುತ್ತಿತ್ತು, ಬೈದುಕೊಂಡು ಮಗ್ಗುಲಾಗುತ್ತಿದ್ದೆ. ಬರಬರುತ್ತಾ ಅದೇ ರೂಢಿಯಾಯಿತು. ಗೋಡೆಯಾಚೆಯವರ ದೂರು ಕಡಿಮೆಯಾಯಿತು, ಗಲ್ಲಾದಲ್ಲಿ ತೂಕಡಿಕೆಯೂ ಕಡಿಮೆಯಾಯಿತು. ದೈವ ಕೈಬಿಡಲಿಲ್ಲ ನೋಡು ಎಂದು ನಾನೇ ಅವಳಿಗೆ ಹೇಳುತ್ತಿದ್ದೆ. ಅವಳು ಹೂಂ ಎನ್ನುತ್ತಿದ್ದಳು.

ಮೂರು ಮಳೆಗಾಲದ ಹಿಂದೆ ಅವಳಿಗೆ ಜ್ವರ ಬಂತು. ಡೆಂಗ್ಯೂ ಎಂದರು. ಆಸ್ಪತ್ರೆಗೆ ಸೇರಿಸಿದ ವಾರದೊಳಗೆ ಹೋಗಿಯೇಬಿಟ್ಟಳು.

ಹದಿಮೂರನೇ ದಿನದ ಕಾರ್ಯ ಕಳೆದ ಮೇಲೆ ಒಂದು ಮಧ್ಯಾಹ್ನ ಕಪಾಟು ತೆರೆದೆ. ಅವಳು ಮಡಚಿಟ್ಟ ಬನಿಯನ್‌ಗಳು, ಬೆನ್ನ ಮೇಲೆ ಜೇಬುಗಳು. ನನಗೆ ಮೈಯೆಲ್ಲ ಉರಿದುಹೋಯಿತು. ಕಾಯುವುದಾದರೆ ಅವಳನ್ನು ಕಾಯಬೇಕಿತ್ತು. ಕಟ್ಟಿಕೊಂಡವಳನ್ನು ಕರೆದುಕೊಂಡು ಹೋಗಿ, ನನ್ನಂಥ ಗೂಬೆಯನ್ನು ಉಳಿಸಿದ ದೈವ ಎಂಥ ದೈವ? ಒಂದೊಂದೇ ಜೇಬನ್ನು ಹಿಡಿದೆಳೆದು ಹರಿದೆ. ಅಡಿಕೆಗಳನ್ನು ಕಿಟಕಿಯಿಂದ ಹೊರಗೆ ಎಸೆದೆ. ಮಗ ಬಾಗಿಲಲ್ಲಿ ನಿಂತು ನೋಡುತ್ತಿದ್ದ.

ಆಮೇಲಿನದೆಲ್ಲ ಇಳಿಜಾರು. ಬೆಳಿಗ್ಗೆ ಏಳುವಾಗ ತಲೆ ಸಿಡಿಯುತ್ತಿತ್ತು. ಗಲ್ಲಾದ ತೂಕಡಿಕೆ ಮತ್ತೆ ಬಂತು, ಬಿಪಿ ಮಾತ್ರೆಗೆ ಬಗ್ಗಲಿಲ್ಲ. ಸಂಜೆಗೆ ಪಾದಗಳು ಊದಿಕೊಂಡು ಚಪ್ಪಲಿಯ ಪಟ್ಟಿ ಅಚ್ಚೊತ್ತುತ್ತಿತ್ತು. ಹೆಂಡತಿ ಹೋದ ಸಂಕಟ ಎಂದು ಎಲ್ಲರೂ ಅಂದರು, ನಾನೂ ಅಂದುಕೊಂಡೆ. ಕಳೆದ ವರ್ಷ ಊಟದ ರಶ್ಶಿನಲ್ಲಿ ಗಲ್ಲಾದ ಮೇಲೆಯೇ ಉಸಿರು ಕಟ್ಟಿ ಕುಸಿದೆ. ಹೋಟೆಲಿನವರು ಟ್ಯಾಕ್ಸಿಗೆ ಹಾಕಿ ಆಸ್ಪತ್ರೆಗೆ ಒಯ್ದರು.

ಹೃದಯದ ಡಾಕ್ಟರು ಎದೆಗಿಂತ ಹೆಚ್ಚಾಗಿ ನನ್ನ ನಿದ್ದೆಯ ವಿಷಯವನ್ನೇ ಕೇಳಿದರು. ಮೂಗಿಗೆ ಕೊಳವೆ, ಬೆರಳಿಗೆ ಕ್ಲಿಪ್ಪು ಹಾಕಿ ನಿದ್ದೆಯ ಪರೀಕ್ಷೆ ಮಾಡಿಸಿದರು. ವರದಿ ಬಂದ ದಿನ ಮಗನೂ ಜೊತೆಗಿದ್ದ. ನಿದ್ದೆಯಲ್ಲಿ ಗಂಟಲು ಮುಚ್ಚಿಕೊಂಡು ಉಸಿರು ನಿಲ್ಲುತ್ತದೆ, ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮೈ ಬೆಚ್ಚಿ ಉಸಿರೆಳೆದಾಗಲೆಲ್ಲ ಬಿಪಿ ಏರಿ ಹೃದಯಕ್ಕೆ ಪೆಟ್ಟು ಬೀಳುತ್ತದೆ, ಅದೇ ವರ್ಷಗಟ್ಟಲೆ ನಡೆದರೆ ಹೃದಯ ಸೋಲುತ್ತದೆ ಎಂದು ಅವರು ಹಿಂದಿಯಲ್ಲಿ ನಿಧಾನವಾಗಿ ಬಿಡಿಸಿ ಹೇಳಿದರು. ನನ್ನದು ಅರ್ಧ ಸೋತಾಗಿತ್ತು. ಇನ್ನು ಮುಂದೆ ಮುಖಕ್ಕೆ ಮಾಸ್ಕ್ ಹಾಕಿ ಗಾಳಿ ಒತ್ತುವ ಮಶೀನು, ಜೊತೆಗೆ ಮಾತ್ರೆ. ಇದ್ದಷ್ಟನ್ನು ಉಳಿಸಿಕೊಳ್ಳಬಹುದು, ಹೋದದ್ದು ಪೂರ್ತಿ ವಾಪಸ್ ಬರುವುದು ಕಷ್ಟ ಎಂದರು. ನಿಮಗೆ ಅಂಗಾತ ಮಲಗಿದಾಗಲೇ ತೊಂದರೆ ಜಾಸ್ತಿ, ಕೆಲವರು ಅದಕ್ಕೆಂದೇ ಬೆನ್ನಿಗೆ ಚೆಂಡು ಕಟ್ಟಿಕೊಂಡು ಮಲಗುತ್ತಾರೆ ಎಂದು ಕೊನೆಗೊಂದು ಮಾತು ಸೇರಿಸಿದರು.

ನಾನು ಮಗನ ಮುಖ ನೋಡಿದೆ. ಅವನು ನೆಲ ನೋಡುತ್ತಿದ್ದ.

ಹೊರಗಿನ ಬೆಂಚಿನಲ್ಲಿ ಕೂತ ಮೇಲೆ ಬಾಯಿ ಬಿಟ್ಟ. ಅವನ ಕನ್ನಡ ಯಾವತ್ತೂ ಅರ್ಧ ದಾರಿಯಲ್ಲೇ ಹಿಂದಿಗೆ ಹೊರಳುತ್ತದೆ.

"ಪಪ್ಪಾ, ಆ ಸುಪಾರಿ ಊರಿಂದ ಅಲ್ಲ. ಮಾಟುಂಗಾ ಮಾರ್ಕೆಟ್‌ದು. ನಾನೂ ಮಮ್ಮಿ ಸಾಥ್ ಹೋಗಿದ್ದೆ. ಪಪ್ಪಾಕೋ ಮತ್ ಬೋಲ್ನಾ, ಹೇಳ್ಬೇಡ, ದೈವದ ಹೆಸರು ಹೇಳಿದ್ರೆ ಮಾತ್ರ ಅವರು ಕೇಳ್ತಾರೆ, ಅಂದಿದ್ದಳು."

ನಮ್ಮ ಬಿಲ್ಡಿಂಗಿನ ಕೆಳಗಿನ ದವಾಖಾನೆಯ ಡಾಕ್ಟರಲ್ಲಿ ಅವಳು ಕೇಳಿಕೊಂಡು ಬಂದಿದ್ದಳಂತೆ. ಪರೀಕ್ಷೆ ಮಾಡಿಸಿ, ಅಲ್ಲಿಯವರೆಗೆ ಮಗ್ಗುಲಾಗಿ ಮಲಗಿಸಿ ಎಂದಿದ್ದರಂತೆ. ಪರೀಕ್ಷೆಗೆ ನಾನು ಬರುವ ಪೈಕಿ ಅಲ್ಲ ಎಂದು ಅವಳಿಗೆ ಗೊತ್ತಿತ್ತು. ತನ್ನ ಕೈಲಾದದ್ದನ್ನು ಹೊಲಿದಳು.

ನಾನು ಹರಿದದ್ದು ದೈವದ ಪ್ರಸಾದವನ್ನಲ್ಲ, ಅವಳ ಹೊಲಿಗೆಯನ್ನು. ಆ ಬೆಂಚಿನಲ್ಲೇ ಅತ್ತುಬಿಟ್ಟೆ. ಮಂದಿ ನೋಡುತ್ತಿದ್ದರು, ನೋಡಿಕೊಳ್ಳಲಿ. ಯಾಕೋ ಆವತ್ತೇ ಹೇಳಲಿಲ್ಲ ಎಂದು ಮಗನ ಮೇಲೆ ರೇಗಲು ಹೋದೆ. ಆವತ್ತಿನ ನಿಮ್ಮ ಮುಖ ನೋಡಿ ಹೆದರಿದೆ ಎಂದ. ಅವನಮ್ಮನೂ ಹೆದರಿಯೇ ಅಲ್ಲವೇ ದೈವದ ಮೊರೆ ಹೊಕ್ಕದ್ದು.

ಮರುದಿನ ಮಾಟುಂಗಾಕ್ಕೆ ಹೋಗಿ ಪೂಜೆ ಸಾಮಾನಿನ ಅಂಗಡಿಯಲ್ಲಿ ಸುಲಿಯದ ಅಡಿಕೆ ತಂದೆವು. ಮಶೀನು ಇರುವಾಗ ಅದು ಬೇಕಾಗಿಲ್ಲ ಎಂದು ಡಾಕ್ಟರು ಹೇಳಿದ್ದರು. ಇರಲಿ. ಮಗ ಸೂಜಿಗೆ ದಾರ ಪೋಣಿಸಿ ಕೊಟ್ಟ, ನಾನು ಸೊಟ್ಟಂಬಟ್ಟ ಹೊಲಿದೆ.

ಮಾಸ್ಕ್ ಬಿಗಿದುಕೊಂಡು ಅಂಗಾತ ಮಲಗಿದರೆ ಅಡಿಕೆ ಒತ್ತುತ್ತದೆ. ಎಡಕ್ಕೆ ಹೊರಳುತ್ತೇನೆ. ಎಡಗಡೆ ಅವಳು ಮಲಗುತ್ತಿದ್ದ ಜಾಗ. ಈಗ ಅಲ್ಲಿ ಮಶೀನು ಇದೆ.